ಗುರ್ತು ಸಿಕ್ತಾ

ಇಪ್ಪತ್ತು ಕಂಪ್ಯೂಟರಿನಲ್ಲಿ ಹನ್ನೊಂದು ಏಳುತ್ತವೆ.
ಉಳಿದವಕ್ಕೆ ನಾಳೆ ಬರುತ್ತೇನೆಂದವನು
ಹೇಳಿಹೋದದ್ದು ದಸರೆಗೂ ಮುಂಚೆ.
ಒಂದೊಂದಕ್ಕೆ ಮೂವರು, ಮೊಣಕೈಗೆ ಮೊಣಕೈ.
ಮಂಡ್ಯದ ಮಧ್ಯಾಹ್ನ, ಊಟದ ಮೇಲಿನ ಪೀರಿಯಡ್ಡು;
ಕಿಟಕಿಯಾಚೆ ಕೆಟ್ಟು ನಿಂತ ಕಬ್ಬಿನ ಲಾರಿಯಿಂದ
ಹೋಗುವವರೆಲ್ಲ ಒಂದೊಂದು ಜಲ್ಲೆ ಎಳೆದುಕೊಳ್ಳುತ್ತಿದ್ದಾರೆ.

'ಮೊದಲು ಫೋಟೊ' ಅನ್ನುತ್ತೇನೆ,
'ಮದುವೆಮನೆಯದಲ್ಲ, ಬೈಕಿನ ಮೇಲಿನದಲ್ಲ,
ಪಕ್ಕದವರ ಭುಜ ಕತ್ತರಿಸಿ ಉಳಿದದ್ದಲ್ಲ.'
ಸುಣ್ಣದ ಗೋಡೆಗೆ ಒಬ್ಬೊಬ್ಬರೇ ಬೆನ್ನು ಕೊಟ್ಟು
ಪೊಲೀಸರು ಹಿಡಿದು ತಂದವರಂತೆ ನಿಲ್ಲುತ್ತಾರೆ.
ತಸ್ಮಿಯಾ ತಡೆಯಲಾರದೆ ನಕ್ಕಳು; ಅದೊಂದೇ ಚೆನ್ನಾಗಿ ಬಂತು.

'ಈಗ, ನಿಮಗೇನು ಬರುತ್ತದೆ ಬರೆಯಿರಿ.'
'ಏನೂ ಬರಾಕಿಲ್ಲ ಮೇಡಂ.'
ಹಿಂದಿನ ಬೆಂಚಿನ ಸಿದ್ದಪ್ಪಾಜಿ,
ಆಲೆಮನೆಯಲ್ಲಿ ರಾತ್ರಿ ಕಳೆದು ಬಂದವನು.
ಪಾಕ ಬಂದದ್ದು ಹೇಗೆ ತಿಳಿಯುತ್ತೋ, ಎಂದೆ.
'ಅದಾ? ಗುಳ್ಳೆ ಸದ್ದು ದಪ್ಪಾಯ್ತದೆ,
ಕಣ್ಮುಚ್ಚಿದ್ರೂ ಗೊತ್ತಾಯ್ತದೆ.'
ಹೊಡೆದೆವು, ಅಳಿಸಿದೆವು, ಮತ್ತೆ ಹೊಡೆದೆವು:
ಗುಣಮಟ್ಟ ಪರೀಕ್ಷೆ, ನಾಲ್ಕು ವರ್ಷದ ಅನುಭವ.
ಪರದೆಯನ್ನು ಅವನು ಬೇರೆ ಯಾರನ್ನೋ ನೋಡುವಂತೆ ನೋಡಿದ.

ಕಂಡಿರದವರಿಗೆ ಹೇಗೆ ಬರೆಯುವುದು, ಇವತ್ತಿನ ಪಾಠ.
ಬಸ್ಸಿನಲ್ಲಿ ಪಕ್ಕ ಕೂತವರನ್ನು
ಯಾವೂರು, ಯಾರ ಪೈಕಿ, ಅಲ್ಲಿ ಬೋರಯ್ಯ ಗೊತ್ತಾ ಎಂದು ಕೇಳಿ
ಮದ್ದೂರು ಬರುವಷ್ಟರಲ್ಲಿ ನೆಂಟರಾಗಿಸುವ ಮಕ್ಕಳು
ಪುಣೆಯ ಯಾವುದೋ ಕಾರ್ಖಾನೆಯ ಮ್ಯಾನೇಜರಮ್ಮನ ಮುಂದೆ
'ರೆಸ್ಪೆಕ್ಟೆಡ್ ಮೇಡಂ' ಎಂದು ಕೈಕಟ್ಟಿ ನಿಲ್ಲುತ್ತಾರೆ.
'ಹಾಯ್ ಡಿಯರ್' ಎಂದವನೊಬ್ಬನ ಕೈ ಹಿಡಿದು ತಡೆದೆ.
'ಬಸ್ಸಲ್ಲಿ ಕೇಳುವಂತೆಯೇ ಕೇಳಿ' ಎಂದೆ,
'ಜಾತಿಯೊಂದು ಬಿಟ್ಟು.'
ಯಾರೂ ನಗಲಿಲ್ಲ.

ಆಗ ತಸ್ಮಿಯಾಳ ಪರದೆಯಲ್ಲಿ ನಾನೇ ಬಂದೆ.
ಹಸಿರು ಬಳೆಯೊಳಗೆ ನನ್ನ ಮುಖ,
ಕೆಳಗೆ: ಕೆಲಸ ಹುಡುಕುತ್ತಿದ್ದೇನೆ.
ಅತಿಥಿ ಉಪನ್ಯಾಸಕಿ. ಎಂಟು ವರ್ಷದಿಂದ ಅತಿಥಿ.
ಹನ್ನೊಂದು ಕೀಲಿಮಣೆಯೂ ಒಮ್ಮೆಗೇ ಸುಮ್ಮನಾದವು,
ಕರೆಂಟೇನೂ ಹೋಗಿರಲಿಲ್ಲ.

ಸಂಜೆಯ ಮೆಮು ರೈಲು. ಪಾಂಡವಪುರ ದಾಟಿ
ಫೋನು ತೆಗೆದರೆ ಮೂವತ್ತೊಂದು ಕೋರಿಕೆ.
ಸಿದ್ದಪ್ಪಾಜಿ ಹೇಳಿಕೊಟ್ಟಂತೆ ಚಿಕ್ಕದಾಗಿ ಬರೆದಿದ್ದ:
'ನಮಸ್ಕಾರ. ಗುರ್ತು ಸಿಕ್ತಾ ಮೇಡಂ?
ಎಲ್ಲಾದ್ರೂ ಕೆಲ್ಸ ಇದ್ರೆ ನಿಮ್ಗೂ ಹೇಳ್ತೀನಿ.'
ಒತ್ತಿದೆ. ಶ್ರೀರಂಗಪಟ್ಟಣದ ಸೇತುವೆ,
ಕೆಳಗೆ ಕಾವೇರಿ, ಸಿಗ್ನಲ್ ಇಲ್ಲ.
ಚಕ್ರವೊಂದು ತಿರುಗುತ್ತಲೇ ಇತ್ತು.