ಎರಡನೇ ಸಲ

ಬೀದರದಾಗ ಒಮ್ಮೆ ಸೋಲಿಸೀವಿ ಅವರನ್ನ,
ಮತ್ತ್ಯಾಕ್ರಿ ಫೈನಲ್‌ನಾಗೂ ಹುಮನಾಬಾದೇ?
ಒಂದೇ ವಲಯದ ಎರಡು ವಾಲಿಬಾಲ್ ತಂಡ
ಇಷ್ಟು ದೂರ ಬಸ್ ಹತ್ತಿ ಬಂದು
ಕಲಬುರಗಿ ಬಿಸಿಲಾಗ ಅದೇ ಜಗಳ ಆಡಬೇಕಾ?
ಸುರಪುರದವರಿಗೆ ಕೊಡ್ರಿ ಆ ಜಾಗ,
ಸೆಮಿಯೊಳಗ ಎರಡೇ ಪಾಯಿಂಟಿಗೆ ಸೋತಾರ ಪಾಪ.
ಇವರು ಇವತ್ತು ಗೆದ್ದರ ಒಂದಕ್ಕೊಂದು ಆತು,
ದೊಡ್ಡವರು ಯಾರಂತ ಯಾರನ್ನ ಕೇಳೋದು?

ಸುಸಲಾ ಮಿರ್ಚಿ ತಿನ್ನೋ ಹೊತ್ತಿಗೆ
ಇಷ್ಟೆಲ್ಲ ಹೇಳಿದಾಂವ ನಾನೇ.
ಭಾಲ್ಕಿ ಹುಡುಗರೆಲ್ಲ ಹೌದ್ಹೌದು ಅಂದರು.

ಈಗ ನೆಟ್ ಬಿಗಿದಾರ.
ಸುಣ್ಣದ ಗೆರಿ ಇನ್ನಾ ಹಸಿ.
ಕಪ್ಪು ಮೇಜಿನ ಮ್ಯಾಲ ಟವೆಲ್ ಹೊದ್ದು ಕುಂತದ.
ಆ ಕಡಿ ಝರಣಪ್ಪ,
ಮಣಕಾಲಿಗೆ ಅದೇ ಹರಕು ಪಟ್ಟಿ.

ಅವತ್ತು ಕಡೀ ಪಾಯಿಂಟಿಗೆ
ನನ್ನ ಕಿರುಬೆರಳು ನೆಟ್ಟಿಗೆ ತಾಗಿತ್ತು.
ಅಂಪೈರ್ ನೋಡಲಿಲ್ಲ.
ಅಂವ ನೋಡಿದ್ದ.
ಒದರಲಿಲ್ಲ, ಯಾರಿಗೂ ಹೇಳಲಿಲ್ಲ,
ಆ ಬೆರಳನ್ನೇ ನೋಡ್ಕೋತ
ಕೈ ಕುಲುಕಿ ಹೋದ.

ಟಾಸಿಗೆ ಕರದರು.
ಕೈ ಚಾಚಿ ನಿಂತಾನ:
"ಆಡಮೇನು?"

ಬ್ಯಾಡ ಅನ್ನಲಕ್ಕ ನನ್ನ ಹತ್ತರ
ಮುಂಜಾನಿಂದ ಹತ್ತು ಕಾರಣ ಇದ್ದವು.
ಹೂಂ ಅಂದೆ.
ಕಿರುಬೆರಳು ತಾನೇ ಮಡಚಿಕೊಂಡಿತ್ತು.