ನೆಲಕ್ಕಿಳಿದ ದೀಪ

ಉಲ್ಸಾನಿನ ಚೌಕಗಳಲ್ಲಿ ಈಗ
ಕೆಂಪು ಹಸಿರು ದೀಪಗಳನ್ನು ನೆಲದಲ್ಲಿ ಹೂಳುತ್ತೇವೆ.
ಕಂಬದ ಮೇಲಿನದು ಯಾರ ಕಣ್ಣಿಗೂ ಬೀಳುವುದಿಲ್ಲವಂತೆ.
ತಲೆ ಏಳದಿದ್ದರೆ ದೀಪವೇ ಇಳಿಯಲಿ ಎಂದು
ನಗರಸಭೆಯ ತೀರ್ಮಾನ.
ನನಗೇನು, ಗೆರೆಗೆ ಇಷ್ಟು ಎಂದು ಕೂಲಿ.

ಇಪ್ಪತ್ತೆರಡು ವರ್ಷ ಹಡಗಿಗೆ ಬೆಸುಗೆ ಹಾಕಿದವನು,
ಮಾ ದೊಕ್‌ಸು ನನ್ನ ಹೆಸರು.
ಆಗ ಕತ್ತೆತ್ತಿ ಕೆಲಸ, ಕಿಡಿಯೆಲ್ಲ ಮುಖದ ಮೇಲೆ.
ಈಗ ಮಂಡಿಯೂರಿ.
ತಲೆ ಎತ್ತಿ ಬಾಳು ಎನ್ನುತ್ತಿದ್ದ ಅಪ್ಪ
ಇದನ್ನು ನೋಡಿದ್ದರೆ
ನನ್ನನ್ನು ಬೈಯುತ್ತಿದ್ದನೋ, ದಾಟುವವರನ್ನೋ.

ಮಂಡಿಯೂರಿದವನಿಗೆ ಒಂದು ಲಾಭವಿದೆ:
ಬಗ್ಗಿದ ಮುಖಗಳು ಅವನಿಗೆ ಮಾತ್ರ ಕಾಣುತ್ತವೆ.
ಉಳಿದವರಿಗೆ ಬರೀ ಬೈತಲೆ.
ನನಗೆ, ಹಾಲಿನಂಥ ಬೆಳಕು ಬಳಿದ ಗಲ್ಲ,
ತುಟಿಯಂಚಲ್ಲಿ ಮೂಡಿ, ಯಾರಿಗೂ ಸಿಗದೆ ಆರಿದ ನಗು.
ಬ್ಯಾಂಕಿನ ಹುಡುಗಿಯೊಬ್ಬಳು ಅಳುತ್ತಲೇ
ಎರಡು ಹೆಬ್ಬೆರಳಲ್ಲಿ ಹಹಹಹ ಎಂದು ಒತ್ತಿದಳು.
ಆ ನಗು ಯಾವೂರಿಗೆ ಹೋಗಿ ತಲುಪಿತೋ,
ಕಣ್ಣೀರು ಮಾತ್ರ ನನ್ನ ಹಸಿ ಸಿಮೆಂಟಿಗೆ ಬಿತ್ತು.
ಶಾಲೆಯ ಚೀಲದ ಹುಡುಗ
ತಳ್ಳುತ್ತಾನೆ, ತಳ್ಳುತ್ತಾನೆ ಬೆರಳಲ್ಲಿ ಮೇಲಕ್ಕೆ,
ತಳವಿಲ್ಲದ ಬಾವಿಯಿಂದ ಸೇದುವವನ ಹಾಗೆ;
ಕೊಡ ಬರುವುದೇ ಇಲ್ಲ.
ಒಮ್ಮೊಮ್ಮೆ ಯಾರದೋ ಕಣ್ಣು ನನ್ನ ಕಣ್ಣಿಗೆ ತಾಗಿದರೆ
ತಪ್ಪಿ ಬಚ್ಚಲ ಬಾಗಿಲು ತೆರೆದವರಂತೆ
ಇಬ್ಬರೂ ಬೆಚ್ಚುತ್ತೇವೆ.

ಜೊತೆಯ ಪಿಲ್‌ಗ್ಯು ಊಟದ ಹೊತ್ತಲ್ಲಿ
ಫೋನು ಹಿಡಿದ ಕೈಯನ್ನು ಸುಮ್ಮನೆ ಬೀಸುತ್ತ ಕೂರುತ್ತಾನೆ.
ಹತ್ತು ಸಾವಿರ ಹೆಜ್ಜೆಗೆ ನೂರು ವೋನ್ ಕೊಡುತ್ತದಂತೆ ಅದು.
ಕೂತಲ್ಲೇ ಬುಸಾನ್ ತನಕ ನಡೆದಿದ್ದಾನೆ.

ನಗುವುದಕ್ಕೆ ನಾನು ಯಾರು.
ನನ್ನ ಮನೆಯಲ್ಲೂ ಒಂದು ಬಾಗಿಲು
ಹದಿನಾಲ್ಕು ತಿಂಗಳಿಂದ ಮುಚ್ಚಿದೆ.
ಒಳಗೆ ಮಗಳು ಇರಾಂಗ್.
ಯಾರೋ ಅವಳ ಮುಖ ಕತ್ತರಿಸಿ
ಯಾವುದಕ್ಕೋ ಅಂಟಿಸಿ
ಕಾಲೇಜಿಗೆಲ್ಲ ಹಂಚಿದರು.
ಫೋನು ಕಿತ್ತುಕೊ, ಸರಿಹೋಗುತ್ತಾಳೆ ಎಂದ ಪಿಲ್‌ಗ್ಯು.
ಬಚ್ಚಲಲ್ಲಿ ಬಿಟ್ಟಿದ್ದಾಗ ಎತ್ತಿಟ್ಟುಕೊಂಡೆ ಒಂದು ದಿನ.
ಬಾಗಿಲಾಚೆಯ ಆ ಮೌನವನ್ನು ನೀವು ಕೇಳಿಲ್ಲ.
ಸಂಜೆಯೊಳಗೆ ಸಂದಿಯಿಂದ ನಾನೇ ಒಳಕ್ಕೆ ಸರಿಸಿದೆ.
ಕಚ್ಚಿದ್ದು ಹಾವೇ, ಅನುಮಾನವಿಲ್ಲ.
ಆದರೆ ಅವಳು ಹಿಡಿದುಕೊಂಡ ಹಗ್ಗವೂ ಅದೊಂದೇ.

ಈಗ ಅಡುಗೆಮನೆಯಿಂದ ಏಳು ಹೆಜ್ಜೆ ದೂರಕ್ಕೆ ಬರೆಯುತ್ತೇನೆ:
ಸೋಯಾ ಸಾರು ಮಾಡಿದ್ದೇನೆ. ಬಿಸಿ ಇದೆ.
ಬರೆದದ್ದರ ಪಕ್ಕ ಹಳದಿ ಕಡ್ಡಿಯಂಥ ಪುಟ್ಟ 1.
ಆಚೆಯವರು ಓದಿದರೆ ಅದು ಅಳಿಸಿಹೋಗುತ್ತದೆ.
ಸಾರು ತಿಳಿಯಾಗಿ ಗಸಿ ತಳಕ್ಕಿಳಿಯುವ ತನಕ
ಆ ಒಂದನ್ನೇ ನೋಡುತ್ತ ಕೂರುತ್ತೇನೆ.
ಅಳಿಸಿತೆಂದರೆ ಸಾಕು, ಉಸಿರಾಡುತ್ತಿದ್ದಾಳೆ.
ಉತ್ತರ ಬೇಡ.

ಮೊನ್ನೆ ಬೆಳಗಿನ ಜಾವ, ಮೂರೂ ಕಾಲು.
ಬಾಗಿಲು ತೆರೆದ ಸದ್ದು ನನಗೆ ಕೇಳಿರಲಿಲ್ಲ.
ಎದೆಯ ಮೇಲಿದ್ದ ಫೋನು ನಡುಗಿತು.
ಒಂದು ಫೋಟೋ. ಮಾತಿಲ್ಲ.
ಹಸಿರು ಗೆರೆ, ಅದರಂಚಿಗೆ
ರಬ್ಬರ್ ಚಪ್ಪಲಿಯ ಎರಡು ತುದಿ.
ಊರ ತುಂಬ ನಾನು ಹೂತ ಗೆರೆಗಳು, ಎಲ್ಲ ಒಂದೇ ಥರ.
ಬೆರಳಿಂದ ಹಿಗ್ಗಿಸಿ ನೋಡಿದೆ:
ಮೂರನೆಯ ಹಲಗೆ ಅರೆಬೆರಳು ಸೊಟ್ಟ.
ಏಪ್ರಿಲ್ಲಿನಲ್ಲಿ ಮೇಸ್ತ್ರಿಯಿಂದ ಬೈಸಿಕೊಂಡ ಸೊಟ್ಟ.
ಔಷಧಿ ಅಂಗಡಿಯ ಮುಂದಿನದು, ಮನೆಯಿಂದ
ಎರಡೇ ತಿರುವು.

ಓಡಲಿಲ್ಲ. ಚಪ್ಪಲಿಗೆ ಕಾಲು ಹಾಕಿದೆ, ತೆಗೆದೆ.
ಏನೋ ಬರೆದೆ, ಅಳಿಸಿದೆ.
ಅಲ್ಲಿ ಅವಳ ಅಂಗೈಯಲ್ಲಿ
ಆ ಪುಟ್ಟ ಒಂದು ಈಗ ಮಾಯವಾಗಿರುತ್ತದೆ,
ಅಪ್ಪ ನೋಡಿದ ಎಂದು ಗೊತ್ತಾಗಿರುತ್ತದೆ.
ಒಲೆ ಹಚ್ಚಿ
ಸಾರನ್ನು ಮತ್ತೆ ಬಿಸಿಗಿಟ್ಟೆ.