ಹಿಗ್ಗದ ತುಂಡು

ಕಿಬುಯೆ ಸಂತೆಯಲ್ಲಿ ನನ್ನನ್ನು ಹುಡುಕುವುದು ಸುಲಭ.
ಒಣಮೀನಿನ ವಾಸನೆ ಮುಗಿದು
ರಬ್ಬರಿನ ವಾಸನೆ ಶುರುವಾಗುವಲ್ಲಿ ಒಂದು ಮರ.
ಕೊಂಬೆಯಲ್ಲಿ ಜೋತಾಡುತ್ತಿರುವುದು ಹಾವಲ್ಲ, ಟ್ಯೂಬು.
ಕೆಳಗೆ ಕತ್ತರಿ ಹಿಡಿದು ಕೂತವಳು
ನಾನು, ಅಬೊನ್ಯೊ.

ಸೈಕಲ್ಲು ಸತ್ತರೆ
ಕಬ್ಬಿಣಕ್ಕೆ ತಕ್ಕಡಿಯವರಿದ್ದಾರೆ,
ಟೈರಿಗೆ ಚಪ್ಪಲಿ ಹೊಲಿಯುವವರು,
ಬೆಲ್ಲಿಗೆ ಮಕ್ಕಳು.
ಒಳಗಿನದಷ್ಟೇ ನನ್ನ ಪಾಲು.

ಮೊದಲು ವಾಲ್ವಿನ ಬುಡ ಕೊಯ್ಯುತ್ತೇನೆ.
ಉಸ್ಸೆಂದು ಒಂದಿಷ್ಟು ಗಾಳಿ,
ಯಾರು ಯಾವ ಬೆಳಿಗ್ಗೆ ಒತ್ತಿ ತುಂಬಿದ್ದೋ,
ಮುಖಕ್ಕೆ ತಾಗಿ ಸಂತೆಯೊಳಗೆ ಬೆರೆಯುತ್ತದೆ.
ಆಮೇಲೆ ಉದ್ದಕ್ಕೆ ಸೀಳು.
ಒಳಗೆಲ್ಲ ಬಿಳಿ ಪೌಡರು,
ಮದುವೆಮನೆಗೆ ಹೊರಟ ಹುಡುಗಿಯ ಕತ್ತಿನ ಹಾಗೆ.
ಕತ್ತರಿ ನಡುವೆ ನಿಲ್ಲಬಾರದು.
ನಿಂತಲ್ಲಿ ಕಚ್ಚು, ಕಚ್ಚಿದ್ದಲ್ಲಿ ಹರಿತ.
ಮೂರು ಮಕ್ಕಳಿಗೂ ಹೇಳಿಕೊಟ್ಟೆ,
ಒಬ್ಬಳ ಕೈಗೆ ಬಂತು.

ಇದ್ದಿಲ ಮೂಟೆ ಹೇರುವವನಿಗೆ ಎರಡು ಬೆರಳಗಲ,
ದೋಣಿಯವನ ಹುಟ್ಟಿಗೆ ಸುತ್ತಲು ಒಂದು ಬೆರಳು,
ಆಸ್ಪತ್ರೆಯ ನರ್ಸಮ್ಮನಿಗೆ ತೆಳ್ಳನೆಯದು:
ತೋಳಿಗೆ ಬಿಗಿದರೆ ಅಡಗಿದ ನರ ಎದ್ದು ಬರಬೇಕು.
ಕವಣೆಯ ಹುಡುಗರಿಗೆ ಮಾರುವುದಿಲ್ಲ.
ಹಕ್ಕಿಗಳ ಮೇಲಿನ ಕರುಣೆಯಲ್ಲ,
ಅವರು ದುಡ್ಡು ಕೊಡುವುದಿಲ್ಲ.

ತೇಪೆಯಿದ್ದ ಭಾಗ ಮಾತ್ರ ಬೇರೆ ಬುಟ್ಟಿಗೆ.
ಅಲ್ಲಿ ರಬ್ಬರು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ.
ಹಿಗ್ಗಬೇಡ ಕುಗ್ಗಬೇಡ ಎಂದು
ಹಿರಿಯರು ಮನುಷ್ಯರಿಗೆ ಹೇಳುವ ಬುದ್ಧಿ
ರಬ್ಬರಿಗೆ ಹತ್ತಿದರೆ ವ್ಯಾಪಾರ ಕೆಡುತ್ತದೆ.

ಹನ್ನೊಂದು ವರ್ಷ ಕ್ಯಾರಿಯರಿನ ಮೇಲೆ
ಊರಿನ ಅರ್ಧ ಜನರನ್ನು ಕೂರಿಸಿಕೊಂಡು ತುಳಿದ ಒಗ್ವೆನೊ
ಸಾಲದಲ್ಲಿ ಮೋಟಾರ್‌ಬೈಕು ತಂದ ದಿನ
ಹಿಂದಿನದು ಮುಂದಿನದು ಎರಡೂ ಟ್ಯೂಬು
ನಲವತ್ತು ಶಿಲ್ಲಿಂಗಿಗೆ ನನ್ನ ಮುಂದೆ ಎಸೆದು ಹೋದ.
ತಿಂಗಳಾಗಿಲ್ಲ, ವಾಪಸು ಬಂದ.
ಬೈಕಿನ ಹಿಂದೆ ಯಾರದೋ ಸೋಫಾ
ತಲೆಕೆಳಗಾದ ಎಮ್ಮೆಯಂತೆ ಕಾಲೆತ್ತಿ ಕೂತಿತ್ತು.
"ನಾಲ್ಕು ಮಾರು ಕೊಡು, ಬಿಗಿಯಾಗಿರಲಿ."

ಅಳೆಯುತ್ತಿದ್ದೆ. ಅವನ ಕಣ್ಣು
ನನ್ನ ಕೋಳಿಗೂಡಿನ ಬಾಗಿಲಿಗೆ ಹೋಯಿತು.
ಕೀಲಿನ ಜಾಗದಲ್ಲಿ ಮೊಳೆ ಹೊಡೆದ ರಬ್ಬರು,
ಅದರ ಮೇಲೆ ಕೆಂಪು ತೇಪೆ,
ತೇಪೆಯ ಮೇಲೊಂದು ಮರಿ ತೇಪೆ.

"ಅದು ನನ್ನದು" ಅಂದ.
"ಆಗಿತ್ತು" ಅಂದೆ.

ಕೊಂಡೆಲೆಯ ರಸ್ತೆ, ನಡುರಾತ್ರಿ,
ಕ್ಯಾರಿಯರಿನ ಮೇಲೆ ದಿನ ತುಂಬಿದ ಹೆಂಗಸು,
ಚಕ್ರದೊಳಗೆ ಜಾಲಿಮುಳ್ಳು.
ಗುಳ್ಳೆ ನೋಡಲು ಬೋಗುಣಿ ನೀರಿಲ್ಲ.
ಟ್ಯೂಬನ್ನು ತುಟಿಯ ಮುಂದೆ ಇಂಚಿಂಚೇ ಸರಿಸುತ್ತ
ಗಾಳಿ ಎಲ್ಲಿ ಮುತ್ತಿಡುತ್ತದೋ ಎಂದು ಕಾದನಂತೆ.
ಒಂದು ನೋವಿಗೂ ಇನ್ನೊಂದು ನೋವಿಗೂ ನಡುವೆ
ಆಕೆಯೇ ಟಾರ್ಚು ಹಿಡಿದಳಂತೆ.
ತೇಪೆ ಒಣಗುವ ಮೊದಲೇ ಮಗು ಬಂತು.
ದಾರಿಯಲ್ಲಿ ಹುಟ್ಟಿದವನೆಂದು ಒಯೋ ಅಂತ ಹೆಸರಿಟ್ಟರು.
ಈಗ ಶಾಲೆಗೆ ಹೋಗುತ್ತಾನೆ,
ಎದುರು ಸಿಕ್ಕರೆ ಇವನ ಗುರುತಿಲ್ಲ.

"ಅದನ್ನು ಕೊಡು."
"ಹಿಗ್ಗುವುದಿಲ್ಲ ಮಾರಾಯ, ಕಟ್ಟಲಿಕ್ಕೆ ಬಾರದು."
"ಕಟ್ಟಲಿಕ್ಕೆ ಯಾರು ಕೇಳಿದರು?"

ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು
ಬಾಗಿಲು ತೆರೆದ, ಮುಚ್ಚಿದ. ತೆರೆದ.
ಸದ್ದೇ ಇಲ್ಲ.
ಕಾವು ಕೂತ ಹೇಂಟೆ ಕತ್ತು ಓರೆ ಮಾಡಿ
ಮೊಟ್ಟೆ ಕದಿಯಲು ಬಂದವನೆಂದು ನೋಡಿತು.
ಏನೂ ಹೇಳದೆ ಎದ್ದ.
ಐದು ಶಿಲ್ಲಿಂಗು ಇಳಿಸೆಂದು ಚೌಕಾಸಿ ಮಾಡಿದ,
ನಾನು ಇಳಿಸಲಿಲ್ಲ.
ಸೋಫಾ ಬಿಗಿದುಕೊಂಡು ಹೊಗೆಯೊಳಗೆ ಹೋದ.

ಮರುದಿನ ಮರದ ಬುಡದಲ್ಲಿ
ಪೇಪರಿನಲ್ಲಿ ಸುತ್ತಿದ ಎರಡು ಕಬ್ಬಿಣದ ಕೀಲು,
ಹೊಸವು, ಎಂಟು ತಿರುಪುಮೊಳೆ ಸಮೇತ.
ಬದಲಾಯಿಸಬೇಕು. ಕೊಟ್ಟುಬಿಡಬೇಕು.
ಕಬ್ಬಿಣ ಕಿರುಗುಟ್ಟುತ್ತದೆ,
ಹೇಂಟೆಯ ಕಾವು ಇನ್ನೂ ಒಂಬತ್ತು ದಿನ.
ಮರಿಗಳು ಹೊರಬರಲಿ,
ನೋಡೋಣ.